ಬಿಟ್ಟುಹೋದ ಪ್ರತ್ಯಯ

ಮನೆ, ಊಟದ ಮೇಜು
ಡಿಸೆಂಬರ್ ೬, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಔಷಧಿ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಮಾತ್ರೆ ಕೊಡುವವಳು ನಿನ್ನ ಮಾತ್ರೆಯನ್ನು ಮಾತ್ರ ಮರೆಯುತ್ತೀಯ ಎಂದು ಭಾವ ಫೋನಿನಲ್ಲಿ ದೂರಿದರು. ಇಡೀ ದಿನ ನಿಂತೇ ಇರಬೇಡ, ಒಂದು ಕುರ್ಚಿಯಾದರೂ ಹಾಕಿಕೋ. ಇಲ್ಲಿ ಅಪ್ಪನ ಕೆಮ್ಮು ಕಡಿಮೆಯಾಗಿದೆ, ಸಿಟ್ಟು ಕಡಿಮೆಯಾಗಿಲ್ಲ.

ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ದ್ವೀಪದ್ದೇ ಮಾತು. ಜನವರಿಯ ಚಳಿ ತಪ್ಪಿಸಿಕೊಂಡು ಬೆಚ್ಚಗಿನ ಸಮುದ್ರಕ್ಕೆ ಹೋಗಿ, ಕಣ್ಣಿಗೆ ಗಾಜು, ಬಾಯಿಗೆ ಕೊಳವೆ ಹಾಕಿಕೊಂಡು ಮೀನು ನೋಡಬೇಕೆಂದು ಮಗಳ ಹಟ. ಅದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರಂತೆ. ಮೂರು ದ್ವೀಪಗಳ ಚಿತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಒಂದರಲ್ಲಿ ಹವಳ ಚೆಂದ, ಅಲೆ ಜೋರು ಎಂದೆ. ಇನ್ನೊಂದರಲ್ಲಿ ಆಮೆಗಳಿವೆ, ಆದರೆ ಎರಡು ಗಂಟೆ ದೋಣಿ, ವಾಂತಿಯಾಗುತ್ತದೆ ಎಂದೆ. ಮೂರನೆಯದರಲ್ಲಿ ನೀರು ಸೊಂಟದ ಮಟ್ಟ. ಅದಕ್ಕೂ ಸೊಳ್ಳೆ ಕಾಟವೆಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನನ್ನವಳು ನಕ್ಕಳು. "ಅಪ್ಪಾ, ನಿಂಗೆ ನೀರಂದ್ರೆ ಭಯಾನಾ?" ಎಂದಳು ಮಗಳು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ಧೈರ್ಯ ತೋರಿಸಲು ಆ ಗಾಜು ಹಾಕಿಕೊಂಡು ಬಕೆಟ್ಟಿನಲ್ಲಿ ಮುಖ ಅದ್ದಿದವನು, ಅವಳು ನಾಲ್ಕು ಎಣಿಸುವಷ್ಟರಲ್ಲಿ ಏದುಸಿರು ಬಿಡುತ್ತ ಎದ್ದೆ. "ಯಾರೂ ಕಲಿಸ್ಲಿಲ್ವಾ ನಿಂಗೆ?" ಎಂದಳು, ಪಾಪ. ಕಲಿಸುತ್ತಿದ್ದವಳು ನೀನು, ಅಕ್ಕಾ. ಅದನ್ನು ಹೇಳದೆ ಬಕೆಟ್ಟಿನ ನೀರು ಚೆಲ್ಲಲು ಹೋದೆ.

ಆಗ ನನಗೆ ಒಂಬತ್ತು, ನಿನಗೆ ಹದಿನಾಲ್ಕು. ಈಜುಕೊಳದ ಆಳದ ಕಡೆ ಹೋಗಕೂಡದೆಂದು ಅಪ್ಪ ಹೇಳಿದ್ದರು. ನಾನು ಹೋದೆ, ಜಾರಿದೆ. ನೀನು ಹಾರಿ ಬಂದು ಕೂದಲು ಹಿಡಿದು ನನ್ನನ್ನು ದಡಕ್ಕೆ ಹಾಕಿದೆ. ಓಡಿ ಬಂದ ಅಪ್ಪ "ಏನಾಯ್ತೋ?" ಎಂದು ಕೂಗಿದಾಗ "ಅಕ್ಕ ಎಳೆದ್ಲು" ಎಂದೆ. ಅಷ್ಟೇ. ನೀರಿಗೋ, ನೀರಿನಿಂದಲೋ ಹೇಳಲಿಲ್ಲ. ಅಪ್ಪ ನೀರಿಗೆ ಎಂದುಕೊಂಡರು. ಬಿಡಿಸಿ ಹೇಳಿದ್ದರೆ ಏಟು ನನಗೆ ಬೀಳುತ್ತಿತ್ತು. ನೀನು ನನ್ನ ಮುಖ ನೋಡಿದೆ. ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಏಟು ನಿನಗೆ ಬಿತ್ತು. ನಿನ್ನ ಈಜುಡುಗೆ ಬೀರುವಿನ ಮೇಲೆ ಹೋಯಿತು, ಶಾಲೆಯ ತಂಡದಿಂದ ನಿನ್ನ ಹೆಸರೂ ಹೋಯಿತು. ನಿನ್ನನ್ನು "ಮೀನು" ಎನ್ನುತ್ತಿದ್ದ ಗೆಳತಿಯರು ಆಮೇಲೆ ಹಾಗೆ ಕರೆಯಲಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವ ನಾನು ಇಪ್ಪತ್ತು ವರ್ಷದಿಂದ ಬೇರೆಯವರು ಬಿಟ್ಟ ಪ್ರತ್ಯಯಗಳನ್ನು ಕೆಂಪು ಶಾಯಿಯಲ್ಲಿ ಸೇರಿಸುತ್ತ ಕೂತಿದ್ದೇನೆ. ನಾನೇ ಬಿಟ್ಟದ್ದನ್ನು ಸೇರಿಸಲು ಮೂವತ್ತೆರಡು ವರ್ಷ ಬೇಕಾಯಿತು. ನನಗೆ ನಾಚಿಕೆಯಾಗುತ್ತಿದೆ, ಅಕ್ಕಾ. ಯಾವ ಮುಖವಿಟ್ಟುಕೊಂಡು ಕ್ಷಮಿಸು ಎನ್ನಲಿ?

ಭಾವನಿಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡ.

ನಿನ್ನ ತಮ್ಮ,
ಮೊಂಡ

ತಾ.ಕ.: ಟಪಾಲಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ಸೊಂಟದ ಮಟ್ಟದ ನೀರಿನ ದ್ವೀಪವೇ ಗಟ್ಟಿಯಾಯಿತು. ಅಪ್ಪ ಬರುವುದಿಲ್ಲ, ನಾಲ್ಕನೆಯ ಟಿಕೆಟ್ಟು ನಿನಗೆಂದು ಇಟ್ಟಿದ್ದೇವೆ. ಬರಲೇಬೇಕು ಎನ್ನುವ ಹಕ್ಕು ನನಗಿಲ್ಲ. ಇವತ್ತು ಬೆಳಿಗ್ಗೆ ಅಪ್ಪನ ಎದುರು ಕೂತು, "ಅಕ್ಕ ಅವತ್ತು ನನ್ನನ್ನ ನೀರಿನಿಂದ ಎಳೆದ್ಲು" ಎಂದು ಪೂರ್ತಿ ವಾಕ್ಯ ಹೇಳಿದೆ. ಅವರು ಬೈಯಲಿಲ್ಲ. ಸ್ಟೂಲು ತಂದು, ಹತ್ತಿ, ಬೀರುವಿನ ಮೇಲೆ ಕೈಯಾಡಿಸಿದರು. ಧೂಳು ಬಿಟ್ಟು ಏನೂ ಸಿಗಲಿಲ್ಲ. "ಅವಳ ಅಳತೆ ಕೇಳೋ, ಹೊಸದು ತರೋಣ" ಎಂದರು. ಬೈಯುವುದನ್ನೆಲ್ಲ ಬೈದು, ಕೊನೆಯ ಸಾಲಿನಲ್ಲಿ ಅಳತೆ ಬರಿ.