ಹಳೇ ಹೆದ್ದಾರಿಯ ಮೇಲಿನ ಹುರುಳಿ

ಅಪ್ಪಾ,

ಈಗ ನೀನಿಲ್ಲ, ಇದನ್ನು ಓದುವುದೂ ಇಲ್ಲ, ಆದರೂ ಹೇಳಬೇಕು. ಹೊಳೆಗೆ ಹೆದರಿ ಊರು ದಿಬ್ಬ ಹತ್ತಿದಾಗ ಹೆದ್ದಾರಿಯೂ ಹಿಂದೆಯೇ ಹೋಯಿತಲ್ಲ, ಹಳೆಯದು ಎಷ್ಟು ಉಳಿದಿದೆ ನೋಡೋಣವೆಂದು ಇವತ್ತು ಹಾವೇರಿಯಿಂದ ಬರುವಾಗ ಆ ಕಡೆ ಕಾರು ತಿರುಗಿಸಿದೆ. ಜಾಲಿಗಿಡಗಳ ನಡುವೆ ಅಲ್ಲಲ್ಲಿ ಡಾಂಬರು, ವಾಲಿದ ಮೈಲಿಗಲ್ಲು. ಉಳಿದ ಒಂದು ತುಂಡಿನ ಮೇಲೆ ನಮ್ಮ ನೆರೆಮನೆಯ ಭರಮವ್ವ ಗಾಡಿ ತುಳಿಯಲೆಂದು ಹುರುಳಿ ಹರವಿಕೊಂಡು ಕೂತಿದ್ದಳು.

“ಇಲ್ಲಿ ಯಾವ ಗಾಡಿ ಬರ್ತೈತಿ, ಅವ್ವಾ?” ಎಂದೆ.

“ನಿಮ್ಮಪ್ಪನೂ ಇಲ್ಲೇ ಹರವತಿದ್ದ. ಕೇಳಿದ್ರ, ಮಗಳು ಕಾರು ತಗೊಂಡಾಳ, ಬರ್ತಾಳ ಅಂತಿದ್ದ. ಈಗ ಬಂದೀದಿ, ನಾಕು ಸಲ ಓಡಸು.”

ಹಿಂದೆ ಮುಂದೆ ಓಡಿಸಿದೆ. ಗಾಲಿಯ ಕೆಳಗೆ ಕಾಯಿ ಚಟಚಟ ಒಡೆದವು.

“ಸಾಕು ಬಿಡವ್ವಾ, ಕಾಳು ಬಿಟ್ಟಾವ,” ಎಂದಳು.

ಆಮೇಲೂ ಓಡಿಸುತ್ತಲೇ ಇದ್ದೆ.