ಚೀಲ ಹಿಡಿದವನು

6-1-85, ರವಿವಾರ
ಬೆಳಗಿನ ಬಸ್ಸಿಗೆ ಬಸವಕಲ್ಯಾಣ, ಕರಾಟೆ ಕ್ಲಾಸಿಗೆ. ಬಲಗಾಲಲ್ಲಿ ನೂರು ಸೈಡ್ ಕಿಕ್, ಎಡಗಾಲಲ್ಲಿ ನೂರು. ಆಮೇಲೆ ಪಂಚ್. ಖಮರುದ್ದೀನ್ ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಕೊನೆಗೆ ಎಲ್ಲರ ಎದುರು ಅಂದರು: "ನಿನ್ನ ಕಿಕ್ ನೋಡಾಕ ಛಲೋ ಅದ, ತುಳಜಾರಾಮ. ಬೀಸಣಿಗಿ ಹಾಂಗ. ಗಾಳಿ ಬರ್ತದ, ಪೆಟ್ಟು ಬರಲ್ಲ."
ಹುಡುಗರು ನಕ್ಕರು. ಎಲ್ಲ ಹೈಸ್ಕೂಲಿನವರು. ಇಪ್ಪತ್ತಾರರವನು ನಾನೊಬ್ಬನೇ.
ಬ್ರೌನ್ ಬೆಲ್ಟ್ ಟೆಸ್ಟಿನಲ್ಲಿ ಎರಡು ಸಲ ಫೇಲ್. ಎರಡೂ ಸಲ ಒಂದೇ ಕಾರಣ, ಪವರ್ ಇಲ್ಲ. ಮೂರನೆಯದು ಮಾರ್ಚ್ 24ಕ್ಕೆ. ಪಾಸಾದರೆ ಹುಮನಾಬಾದಿನಲ್ಲಿ ಕ್ಲಾಸು ನಡೆಸಲು ನನಗೇ ಬಿಡುತ್ತಾರಂತೆ. ನನ್ನನ್ನೂ ಯಾರಾದರೂ ಮಾಸ್ತರ್ ಅಂತ ಕರೆದಾರು. ಇಲ್ಲದಿದ್ದರೆ ಹಳ್ಳಿಖೇಡ ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ಲಾರಿಗಳಿಗೆ ಚೀಟಿ ಬರೆಯುತ್ತ ಮುದುಕನಾಗುವುದು. ಮೆಟ್ರಿಕ್ ಮೂರು ಸಲ ಹೋಯಿತು. ಇದೂ ಮೂರಾದರೆ... ಬೇಡ.

9-1-85
ಹಬೀಬ್ ಚೀಲ ಹೊಲಿದುಕೊಟ್ಟ. ಪಕ್ಕದ ಮನೆಯವನು, ಹುಡುಗನಿದ್ದಾಗಿನಿಂದ ದೋಸ್ತ್. ಹತ್ತಿ ಬಡಿದು ಗಾದಿ ಮಾಡುವ ಪಿಂಜಾರ. ಜೋಡಿ ಗೋಣಿ, ನಡುವೆ ಉಸುಕು, ಸುತ್ತ ಹಳೆ ಹತ್ತಿ. ಹಿತ್ತಲ ಬೇವಿನ ಟೊಂಗೆಗೆ ಬಾವಿ ಹಗ್ಗದಲ್ಲಿ ಕಟ್ಟಿದೆವು. ಗಾದಿಗಿಂತ ಚಂದ ಹೊಲಿದಿದ್ದಾನೆ. ಮಲಗಬಹುದು ಅಂದೆ. ನೀನು ಟೆಸ್ಟ್ ಪಾಸಾಗು, ಇದನ್ನೇ ಬಿಚ್ಚಿ ನಿನ್ನ ಮದುವೆಗೆ ಗಾದಿ ಮಾಡುತ್ತೇನೆ ಅಂದ.
ಅಪ್ಪ ಹಳೆ ಪೈಲ್ವಾನ. ಕಟ್ಟೆ ಮೇಲೆ ಕೂತು ಎಲ್ಲ ನೋಡಿ, ಮಣ್ಣು ಬಿಟ್ಟು ಗಾಳಿಗೆ ಒದೆಯುವುದು ಎಂಥ ವಿದ್ಯೆ ಅಂತ ಕೇಳಿ ಒಳಗೆ ಹೋದ.

13-1-85, ರವಿವಾರ
ಹಬೀಬನನ್ನೂ ಕರೆದುಕೊಂಡು ಹೋಗಿದ್ದೆ. ಹೋದ ವರ್ಷ ಅವನೂ ಒಂದು ತಿಂಗಳು ಕಲಿತವನೇ. ಕೆಮ್ಮಿನಿಂದ ಬಿಟ್ಟ. ಹತ್ತಿ ಧೂಳು ಎದೆಯಲ್ಲಿ ಕೂತಿದೆ. ಮಾಸ್ತರು ತಾವೇ ತೋರಿಸಿದರು. ಹಿಮ್ಮಡಿ ನೆಲಕ್ಕೆ ಒತ್ತು, ಸೊಂಟ ತಿರುವು, ಪೆಟ್ಟಿನ ಜೊತೆಗೇ ಉಸಿರು ಬಿಡು. ಆಮೇಲೆ ನನಗೆ: "ಚೀಲ ಹಿಡಿದವ ಒಂದ್ ಹೆಜ್ಜಿ ಹಿಂದ ಹೋಗಬೇಕು. ಟೆಸ್ಟಿನ್ಯಾಗ ನಾ ಅದನ್ನೇ ನೋಡಾಂವ."
ಹಬೀಬನಿಗೆ: "ನೀ ಅಲುಗಗೊಡಬ್ಯಾಡ. ಎದಿ ಹಚ್ಚಿ ಹಿಡಿ. ಸಡ್ಲ ಬಿಟ್ಟಿ ಅಂದ್ರ ಅವನ ಕಾಲು ಸುಳ್ಳು ಕಲೀತದ."
ಹಬೀಬ್ ತಲೆ ಮೇಲೆ ಟೋಪಿ ಸರಿಮಾಡಿಕೊಂಡು ಹೌದ್ರಿ ಅಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಖುಷಿ ಅವನಿಗೆ. ಮಾಸ್ತರು ಅವನಿಗೂ ಒಂದು ಕೆಲಸ ಕೊಟ್ಟರಲ್ಲ.

21-1-85
ಶಿಫ್ಟಿಗೆ ಮುಂಚೆ ಇನ್ನೂರು. ಹಬೀಬ್ ಹಿಂದೆ ನಿಂತು ಎದೆಗೊತ್ತಿ ಹಿಡಿಯುತ್ತಾನೆ. ಚೀಲ ಅಲುಗಲಿಲ್ಲ.

3-2-85, ರವಿವಾರ
ಇನ್ನೂರೈವತ್ತು. ಹಿಮ್ಮಡಿ ಒಡೆದು ರಕ್ತ. ಅವ್ವ ಅರಿಷಿಣ ಎಣ್ಣೆ ಹಚ್ಚಿದಳು. ಚೀಲ ಅಲುಗಲಿಲ್ಲ. ಉಸುಕು ಜಾಸ್ತಿ ತುಂಬಿದ್ದಾನೆ ಅಂತ ಗೊಣಗಿದೆ. ಅಪ್ಪ ಕಟ್ಟೆಯಿಂದಲೇ ಅಂದ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಊಟ ಸೇರಲಿಲ್ಲ.

12-2-85
ಹಬೀಬ್ ಇವತ್ತು ಎದೆಗೆ ಸಣ್ಣ ದಿಂಬು ಕಟ್ಟಿಕೊಂಡು ಬಂದ. ತಾನೇ ಹೊಲಿದದ್ದು, ನಾಲ್ಕು ಕಡೆ ಲಾಡಿ. ಬಾಣಂತಿ ಹಾಗೆ ಕಾಣುತ್ತೀ ಅಂದೆ. ನಕ್ಕ, ನಗುತ್ತ ಕೆಮ್ಮು ಬಂತು, ಬೇವಿಗೆ ಒರಗಿ ನಿಂತ. ಬೆವರಿಗೆ ಅಂಗಿ ಹಾಳಾಗುತ್ತದೆ, ಕರೀಮಾ ಬೈಯುತ್ತಾಳೆ, ಅದಕ್ಕೇ ದಿಂಬು ಅಂದ. ಕರೀಮಾ ಅವನ ಹೆಂಡತಿ. ಬೈಯುವವಳೇ ಅಲ್ಲ.
ಮುನ್ನೂರು. ಅಲುಗಲಿಲ್ಲ.

24-2-85, ರವಿವಾರ
ಒಂದು ತಿಂಗಳು ಉಳಿಯಿತು. ಮಾಸ್ತರು ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಕೆಲವರ ಮೈಯಲ್ಲಿ ಆ ಪವರ್ ಇರುವುದೇ ಇಲ್ಲವೇನೋ. ಗೇಟಿನಲ್ಲಿ ಲಾರಿಯವರು ಹಾರ್ನ್ ಹೊಡೆದು ಏ ಚೀಟಿ ಅಂತ ಕರೆಯುತ್ತಾರೆ. ನನ್ನ ಹೆಸರೇ ಅದಾಗಿದೆ. ಸಾಕಾಗಿದೆ, ನಿಜವಾಗಿ ಸಾಕಾಗಿದೆ.

10-3-85, ರವಿವಾರ
ಕ್ಲಾಸಿಗೆ ಹೋಗಲಿಲ್ಲ. ಹಿತ್ತಲಲ್ಲೇ. ಹಬೀಬ್ ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚುತ್ತಿದ್ದ. ನೂರು ಆದ ಮೇಲೆ ಅಂದ: "ನಿನ್ನ ಕಾಲು ಬ್ಯಾರೆ ಆಗ್ಯಾದ, ತುಳ್ಜಾ. ಖರೇ ಹೇಳಾಕತ್ತೇನಿ."
ಸಮಾಧಾನದ ಮಾತು ಅಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳಬೇಡ, ಸುಮ್ಮನೆ ಹಿಡಿ ಅಂದೆ. ಹಿಡಿದ. ಆಮೇಲಿನ ಇನ್ನೂರು ಸಿಟ್ಟಿನಲ್ಲೇ ಹೊಡೆದದ್ದು. ಹೋಗುವಾಗ ಬೇಲಿ ಹಿಡಿದುಕೊಂಡು ಹೋದ.

13-3-85, ಬೆಳಿಗ್ಗೆ 7
ಮೂರು ದಿನ ಹಬೀಬ್ ಬಂದಿಲ್ಲ. ಮಂಠಾಳದಲ್ಲಿ ಮದುವೆ ಇದೆ ಅಂದಿದ್ದ, ಗಾದಿ ಕೊಡಲು ಹೋಗಿರಬೇಕು. ಕಾದು ಕಾದು ಒಬ್ಬನೇ ಹೊಡೆದೆ.
ಚೀಲ ಹಾರಿತು! ಟೊಂಗೆಗೆ ಬಡಿದು ಎಲೆ ಉದುರಿದವು. ಎರಡನೇ ಪೆಟ್ಟಿಗೆ ಬಾವಿ ಹಗ್ಗ ಹರಿದು ಚೀಲ ಗೋಡೆಗೆ ಹೋಗಿ ಬಿತ್ತು. ಅಪ್ಪ ಎದ್ದು ನಿಂತ. ಹಗ್ಗದ ತುದಿ ಹಿಡಿದು ನೋಡಿ, ಶಾಬಾಸ್ ಅಂದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.
ಹಬೀಬನಿಗೆ ಹೇಳಿ ಬರುತ್ತೇನೆ. ಆಮೇಲೆ ಬರೆಯುವೆ.

ಅದೇ ದಿನ, ಮಧ್ಯಾಹ್ನ
ಹಬೀಬ್ ಮಂಠಾಳಕ್ಕೆ ಹೋಗಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದರು. ಮಾತಾಡಿದರೆ ಉಸಿರು ಸಿಗುವುದಿಲ್ಲ. ಕರೀಮಾ ಅಂದಳು: "ಹತ್ತಿ ಗಂಟು ಎದಿ ಮ್ಯಾಲ ಬಿದ್ದದಂತ, ಭಾಯಿ. ಒಂದೂವರಿ ತಿಂಗಳಾತು, ಕುಂತೇ ಮಲಗ್ತಾರ. ನನಗ ಈಗ ಹೇಳ್ಯಾರ ನೋಡ್ರಿ."
ಅಂಗಿ ಎತ್ತಿದಳು. ಎಡಗಡೆ ಪಕ್ಕೆಲುಬಿನ ಮೇಲೆ, ಸರಿಯಾಗಿ ನನ್ನ ಹಿಮ್ಮಡಿ ಬೀಳುವ ಕಡೆ, ಕಪ್ಪು, ಅದರ ಸುತ್ತ ಹಸಿರು, ಹಳದಿ.
ಒಂದೂವರೆ ತಿಂಗಳು. ದಿಂಬು. ದೇವರೇ, ದಿಂಬು.
ಚೀಲ ಯಾಕೆ ಅಲುಗಲಿಲ್ಲ ಅಂತ ಆಗ ತಿಳಿಯಿತು. ನನಗೆ ಪವರ್ ಬಂದು ಎಷ್ಟು ದಿನವಾಗಿತ್ತೋ. ಬಂದದ್ದೆಲ್ಲ ಅವನ ಎದೆಗೆ ಹೋಗುತ್ತಿತ್ತು. ಮಾಸ್ತರು ಹೇಳಿದ್ದರಲ್ಲ, ಅಲುಗಗೊಡಬೇಡ ಅಂತ. ಅವನು ಅಲುಗಗೊಡಲಿಲ್ಲ, ನಾನು ಅಲುಗಿಸಲು ಹೊಡೆದೆ. ಇಬ್ಬರೂ ಮಾತು ಕೇಳಿದೆವು.
ಎತ್ತಿನ ಗಾಡಿಯಲ್ಲಿ ದವಾಖಾನೆಗೆ ಒಯ್ದೆವು. ಮೂರು ಎಲುಬು ಮುರಿದಿವೆ ಅಂದರು ಡಾಕ್ಟರು. ಒಂದು ಹಳೆಯದು, ತಾನೇ ಸೊಟ್ಟಗೆ ಕೂಡಿದೆ. ಒಳಗೆ ನೀರು ತುಂಬಿದೆ. ಏನಾಯಿತು ಅಂತ ಕೇಳಿದಾಗ ಹಬೀಬ್ ನನ್ನ ಕಡೆ ನೋಡಲಿಲ್ಲ. ಗಂಟು ಬಿತ್ತು ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

19-3-85
ಇನ್ನು ಹತ್ತಿ ಬಡಿಯುವ ಬಿಲ್ಲು ಹಿಡಿಯುವುದಾಗದು ಅಂತ ಡಾಕ್ಟರು ಹೇಳಿದರು. ಅದೂ ಉಳಿದರೆ. ಕರೀಮಾ ನನಗೆ ಚಹಾ ತಂದುಕೊಟ್ಟಳು. ನೀವಿದ್ದದ್ದಕ್ಕೆ ಇಷ್ಟಾದರೂ ಆಯಿತು ಅಂದಳು. ಕುಡಿದೆ. ಎಂಥ ಮನುಷ್ಯ ನಾನು.

24-3-85, ರವಿವಾರ, ಸಂಜೆ
ಟೆಸ್ಟಿಗೆ ಹೋಗಬಾರದು ಅಂತಲೇ ಇದ್ದೆ. ಹೋಗು, ಬಂದು ಹೇಳು ಅಂತ ಹಬೀಬ್ ಎರಡು ಸಲ ಹೇಳಿಕಳಿಸಿದ.
ಇಬ್ಬರು ಹುಡುಗರು ಚೀಲ ಹಿಡಿದು ನಿಂತರು. ಹಿಮ್ಮಡಿ ಒತ್ತಿದೆ, ಸೊಂಟ ತಿರುಗಿತು, ಕಾಲು ಹೋಯಿತು. ಚೀಲ ಒಂದು ಬೆರಳಿನಷ್ಟು ದೂರವಿರುವಾಗಲೇ ನಿಂತಿತು. ಮತ್ತೆ ಎತ್ತಿದೆ. ಮತ್ತೆ ನಿಂತಿತು. ಅದರ ಹಿಂದೆ ಎದೆ ಇದೆ, ಅಷ್ಟೇ ಕಾಣುತ್ತಿತ್ತು. ಮೂರನೆಯದು ಎತ್ತಲಿಲ್ಲ. ಮಾಸ್ತರು ಪುಸ್ತಕ ಮುಚ್ಚಿದರು.
ಬಸ್ಸಿಳಿದು ನೇರ ದವಾಖಾನೆಗೆ. ಕರೀಮಾ ನೀರು ತರಲು ಹೋಗಿದ್ದಳು. ಹಬೀಬನ ದನಿ ಕೇಳಿಸದಷ್ಟು ಸಣ್ಣ. ಹಿಡಿದವರು ಹಿಂದೆ ಹೋದರೇನು ಅಂತ ಕೇಳಿದ. ಹೋದರು ಅಂದೆ. ಎಷ್ಟು ಹೆಜ್ಜೆ ಅಂದ. ಎರಡು ಅಂದೆ.
ಕಣ್ಣು ಮುಚ್ಚಿ ನಕ್ಕ. "ಇಬ್ಬರು ಹಿಡಿದ್ರೂ ಎರಡು ಹೆಜ್ಜಿ. ನಾ ಒಂದ್ ಹೆಜ್ಜೀನೂ ಸರೀಲಿಲ್ಲ ನೋಡು, ತುಳ್ಜಾ."

ನಾಳೆ ಅವನನ್ನು ಗುಲ್ಬರ್ಗಕ್ಕೆ ಒಯ್ಯುತ್ತಾರೆ. ಅಷ್ಟರೊಳಗೆ ಕರೀಮಾಗೆ ಹೇಳಬೇಕು. ಎದುರು ನಿಂತು ಹೇಳುವುದು ನನ್ನಿಂದಾಗದು. ಬರೆದು ಕೊಡುತ್ತೇನೆ, ಯಾರಾದರೂ ಓದಿ ಹೇಳಲಿ. ಇಲ್ಲೇ ಬರೆದು ಹಾಳೆ ಹರಿಯುತ್ತೇನೆ.
ತಂಗಿ ಕರೀಮಾ, ಗಂಟು ಬೀಳಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ನಾನು