ಅಲಾಯಿ ಕುಣಿಯ ಗುರುತು

ಮಾನ್ವಿ
೧೪ ಫೆಬ್ರವರಿ ೨೦೨೬, ಶನಿವಾರ ಮಧ್ಯಾಹ್ನ

ಪ್ರೀತಿಯ ಯಪ್ಪಾ,

ಹೇಗಿದ್ದೀ? ಮೊಣಕಾಲು ಹೇಗಿದೆ? ಅವ್ವ ಕಟ್ಟಿಕೊಟ್ಟ ಎಣ್ಣೆಯ ಬಾಟಲಿಯನ್ನು ಗಂಟಿನಿಂದ ಹೊರಗೆ ತೆಗೆದಿದ್ದೀಯೋ, ಅಥವಾ ಹೋದ ವರ್ಷದ ಹಾಗೆ ಮುಚ್ಚಳ ಬಿಚ್ಚದೇ ವಾಪಸ್ ತರುವವನಿದ್ದೀಯೋ? ಆದೋನಿ ಕಡೆ ಬೆಳಗಿನ ಹೊತ್ತು ಇನ್ನೂ ಥಂಡಿ ಇದೆ ಎಂದು ಮರಿ ವ್ಯಾಪಾರದ ಪೀರಾ ಸಾಬ್ ಹೇಳಿದರು. ಹೊಲದಲ್ಲಿ ಮಲಗುವಾಗ ಕಿವಿಗೆ ಟವೆಲ್ ಸುತ್ತಿಕೋ. ಚೆನ್ನಾಗಿ ಕೇಳಿಸುವುದು ಒಂದೇ ಕಿವಿ, ಅದನ್ನೂ ಥಂಡಿಗೆ ಕೊಟ್ಟು ಬಂದರೆ ಆಮೇಲೆ ನಿನ್ನ ಜೊತೆ ಸನ್ನೆಯಲ್ಲೇ ಜಗಳವಾಡಬೇಕಾಗುತ್ತದೆ. ಕುರಿಗಳಿಗೆ ಮೇವು ಸಿಗುತ್ತಿದೆಯೇ? ಆ ಕಡೆಯ ರೈತರು ಈ ಸಲವೂ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಜೋಳದ ಬದಲು ಬರೀ ಮಾತು ಅಳೆದು ಕೊಡುತ್ತಿದ್ದಾರೆಯೇ? ಕುಂಟು ಮರಿ ಬದುಕಿದೆಯೇ ಎಂದು ಅವ್ವ ಕೇಳಲು ಹೇಳಿದ್ದಾಳೆ.

ಅವ್ವ ಆರಾಮ ಇದ್ದಾಳೆ. ಹೋದ ಭಾನುವಾರ ಊರಿಗೆ ಹೋದಾಗ ನನ್ನ ಮುಖ ನೋಡಿದ್ದೇ ತಡ, "ಏನ ಸೊರಗೀಯಲೇ, ಮಾನ್ವ್ಯಾಗ ಗಾಳಿ ತಿಂದು ಮಲಗ್ತೀಯೇನು?" ಎಂದು ಶುರು ಮಾಡಿದಳು. ಎರಡು ರೊಟ್ಟಿ ಹೆಚ್ಚಿಗೆ ತಿಂದ ಮೇಲೆಯೇ ಬಾಯಿ ಮುಚ್ಚಿದ್ದು. ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬು ಗಂಟಿಕ್ಕುತ್ತೀ, ನನಗೆ ಗೊತ್ತು. ಫೋನ್ ಮಾಡಿದರೆ ನೀನು "ಹೂಂ, ಹೂಂ, ಆತು" ಎಂದು ಇಟ್ಟುಬಿಡುತ್ತೀ, ಆಮೇಲೆ ಕೇಳಿದರೆ ಒಂದು ಮಾತೂ ಕೇಳಿಸಿರುವುದಿಲ್ಲ. ಇದು ಕೂಗಿ ಹೇಳುವ ವಿಷಯವೂ ಅಲ್ಲ. ಪೀರಾ ಸಾಬ್ ಸೋಮವಾರ ಆ ಕಡೆ ಮರಿ ಕೊಳ್ಳಲು ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಗಿಡದ ನೆರಳಿಗೆ ಕೂತು ನಿಧಾನವಾಗಿ ಓದು.

ಮೊದಲು ನನ್ನ ಕೆಲಸದ ಸುದ್ದಿ. ನಮ್ಮ ಕಾಂಟ್ರಾಕ್ಟರ್ ಸತ್ತಾರ್ ಸಾಬರ ಆಫೀಸಿನಲ್ಲಿ ಈಗ ಕಾಗದದ ಕಾಲ ಮುಗಿಯಿತು. ಮುಂಚೆ ಹೇಗಿತ್ತೆಂದು ನೀನೇ ಬಂದು ನೋಡಿದ್ದೀಯಲ್ಲ. ಮೂಲೆಯಲ್ಲಿ ನಕ್ಷೆಗಳ ಸುರುಳಿ, ಅವುಗಳ ಮೇಲೆ ಚಹಾದ ಕಲೆ, ಯಾವುದು ಹಳೆಯದು ಯಾವುದು ಹೊಸದು ಅಲ್ಲಾನೇ ಬಲ್ಲ ಎಂದು ಸಾಬರೇ ಕೈಯೆತ್ತುತ್ತಿದ್ದರು. ದೀಪಾವಳಿ ಹೊತ್ತಿಗೆ ದೇವದುರ್ಗದ ಒಂದು ಶಾಲೆಯಲ್ಲಿ ಅಡುಗೆ ಕೋಣೆ ಕಟ್ಟುವಾಗ ಬಾಗಿಲನ್ನು ಅಂಗಳದ ಕಡೆ ತಿರುಗಿಸಿರೆಂದು ರಾಯಚೂರಿನ ಇಂಜಿನಿಯರ್ ಆಫೀಸಿನವರು ಹೊಸ ನಕ್ಷೆ ಕಳಿಸಿದ್ದರು. ಅದು ಸಾಬರ ಸ್ಕೂಟರ್ ಡಿಕ್ಕಿಯಲ್ಲೇ ಮಲಗಿತ್ತು. ಗೌಂಡಿ ಪಾಪ ತನ್ನ ಹತ್ತಿರ ಇದ್ದ ಹಳೆಯದನ್ನು ನೋಡಿ ರಸ್ತೆಯ ಕಡೆಗೆ ಬಾಗಿಲಿಟ್ಟ. ಕಟ್ಟಿದ ಗೋಡೆಯನ್ನು ತಮ್ಮ ಮುಂದೆಯೇ ಒಡೆಯುವುದನ್ನು ನೋಡಿ ಬಂದ ಸಾಬರು ಅವತ್ತು ಊಟವನ್ನೇ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ಅದೇನೋ ಕ್ಲೌಡ್ ಅಂತಾರಲ್ಲವ್ವಾ, ಅದನ್ನ ಶುರು ಮಾಡು, ಇಲ್ಲಂದ್ರ ನಾ ಹುಚ್ಚಾಗ್ತೀನಿ" ಎಂದರು.

ಹಾಗೆ ಶುರುವಾಯಿತು. ನಕ್ಷೆ, ಅಳತೆ, ಕೆಲಸದ ಫೋಟೋ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಒಂದೇ ಜಾಗದಲ್ಲಿ ಇಡುತ್ತೇವೆ. ಅದು ಯಾರ ಡಿಕ್ಕಿಯಲ್ಲೂ ಇಲ್ಲ, ಆದರೆ ಎಲ್ಲರ ಫೋನಿನಲ್ಲೂ ಕಾಣುತ್ತದೆ. ಊರ ಕಟ್ಟೆಯ ಮೇಲೆ ಚೌಕಾಬಾರದ ಮನೆ ಕೆತ್ತಿದ್ದಾರಲ್ಲ, ಹಾಗೆ ಅಂದುಕೋ. ಆಟದ ಮನೆ ಒಂದೇ, ಸುತ್ತ ಕೂತವರು ಹಲವರು, ಯಾರು ಕಾಯಿ ನಡೆಸಿದರೂ ಎಲ್ಲರ ಕಣ್ಣೆದುರೇ ನಡೆಸಬೇಕು. ನಕ್ಷೆಯ ಮೇಲೆ ಬೇಕಾದ ಜಾಗಕ್ಕೆ ಬೆರಳಿಟ್ಟರೆ ಅಲ್ಲೊಂದು ಕೆಂಪು ಗುರುತು ಬೀಳುತ್ತದೆ. ಅದರ ಪಕ್ಕದಲ್ಲಿ ಹೇಳಬೇಕಾದ್ದನ್ನು ಬರೆಯಬಹುದು, ಬರೆದವರ ಹೆಸರು ತಾನೇ ಬರುತ್ತದೆ. ಯಾರಿಗೆ ಬರೀ ನೋಡುವ ಹಕ್ಕು, ಯಾರಿಗೆ ಗುರುತು ಹಾಕುವ ಹಕ್ಕು ಎಂದು ಮೊದಲೇ ಗೊತ್ತು ಮಾಡಿರುತ್ತೇವೆ. ಕೊನೆಗೆ ರಾಯಚೂರಿನ ಇಂಜಿನಿಯರ್ ಆಫೀಸಿನವರು ಒಪ್ಪಿ ಅದಕ್ಕೆ ಬೀಗ ಹಾಕುತ್ತಾರೆ. ಬೀಗ ಬಿದ್ದ ಮೇಲೆ ಒಂದು ಗೆರೆಯನ್ನೂ ಯಾರೂ ಸರಿಸುವಂತಿಲ್ಲ, ಅದರಂತೆಯೇ ಕಟ್ಟಬೇಕು.

ಕಲಿಯುವಾಗ ಆದ ಫಜೀತಿ ಕೇಳಿದರೆ ನಗುತ್ತೀ. ಅಲ್ಲಿ ಬರೆದದ್ದು ನನಗೊಬ್ಬಳಿಗೇ ಕಾಣುತ್ತದೆ ಎಂದು ಸಾಬರು ತಿಳಿದಿದ್ದರು. ಒಂದು ದಿನ ಚರಂಡಿಯ ನಕ್ಷೆಯ ನಟ್ಟನಡುವೆ ಕೆಂಪು ಗುರುತು ಹಾಕಿ, "ಮಲ್ಲೇಶ್ವರಿ, ಒಗ್ಗರಣಿ ಮಿರ್ಚಿ ತಣ್ಣಗಾಗಾಕತ್ತದ, ಲಗೂ ಬಾ" ಎಂದು ಬರೆದರು. ರಾಯಚೂರಿನ ಆಫೀಸಿನಲ್ಲಿ ನಮ್ಮ ಕೆಲಸ ನೋಡುವ ಇಂಜಿನಿಯರ್ ಫರ್ಹೀನ್ ಮೇಡಂ ಅದರ ಕೆಳಗೇ, "ನಮಗೂ ಎರಡು ಪ್ಲೇಟ್ ಕಳಿಸ್ರಿ ಸಾಬರೇ" ಎಂದು ಬರೆದರು. ಸಾಬರು ಒಂದು ವಾರ ಫೋನನ್ನೇ ಮುಟ್ಟಲಿಲ್ಲ. ಈಗ ನೋಡು, ಜಗತ್ತಿಗೆಲ್ಲ ತಾವೇ ಕಲಿಸಿದವರ ಹಾಗೆ ಗೌಂಡಿಗಳಿಗೆ ಪಾಠ ಹೇಳುತ್ತಾರೆ.

ಇನ್ನು ನಮ್ಮೂರಿನ ಸುದ್ದಿ. ನೀರಿನ ಟಾಕಿ ಮಂಜೂರಾಗಿದೆ, ಯಪ್ಪಾ! ನಾಲ್ಕು ಕಾಲಿನ ಎತ್ತರದ ಟಾಕಿ. ಕೆಲಸ ನಮ್ಮ ಸಾಬರಿಗೇ ಸಿಕ್ಕಿದೆ. ನಕ್ಷೆ ನೋಡುವ ಜವಾಬ್ದಾರಿ ನನ್ನದು. ನನ್ನ ಊರಿನ ಟಾಕಿಯನ್ನು ನಾನೇ ನಿಂತು ಕಟ್ಟಿಸುವುದೆಂದರೆ ಎಷ್ಟು ಹಿಗ್ಗು ಹೇಳು. ಜಾಗ ಯಾವುದು ಗೊತ್ತೇ? ಅಲಾಯಿ ದೇವರ ಗುಡಿಯ ಮುಂದಿನ ಬಯಲು. ರಾಯಚೂರಿನಿಂದ ಬಂದು ಅಳೆದವರು ಬೇವಿನ ಗಿಡ ಬರೆದಿದ್ದಾರೆ, ಗುಡಿಯ ಮೆಟ್ಟಿಲು ಬರೆದಿದ್ದಾರೆ, ನಡುವೆ "ಖಾಲಿ ಜಾಗ" ಎಂದು ಬರೆದಿದ್ದಾರೆ.

ಅವರದೂ ತಪ್ಪಲ್ಲ. ಮೊಹರಂಗೆ ಬೆಂಕಿ ಹಾಕಲು ಅಗೆದ ಅಲಾಯಿ ಕುಣಿಯನ್ನು ಹಬ್ಬ ಮುಗಿದ ಮೇಲೆ ಮುಚ್ಚುತ್ತೇವೆ. ಒಂದು ಮಳೆ ಬಿದ್ದರೆ ಸಾಕು, ಅಲ್ಲಿ ಬೆಂಕಿ ಉರಿದಿತ್ತು, ಸುತ್ತ ಊರೇ ಕುಣಿದಿತ್ತು ಎಂದು ಹೇಳುವುದಕ್ಕೆ ಒಂದು ಕುರುಹೂ ಉಳಿಯುವುದಿಲ್ಲ. ಆಡುಗಳು ಮಲಗುತ್ತವೆ, ಹುಡುಗರು ಗೋಲಿ ಆಡುತ್ತಾರೆ. ಅಳೆಯಲು ಬಂದವರಿಗೆ ನೆಲ ಕಂಡಿತು, ನೆಲ ಬರೆದುಕೊಂಡು ಹೋದರು. ಬೇವಿನ ಗಿಡದಿಂದ ಮೆಟ್ಟಿಲಿಗೆ ಗೆರೆ ಎಳೆದು ನೋಡಿದೆ. ಟಾಕಿಯ ಒಂದು ಕಾಲು ಸರಿಯಾಗಿ ಕುಣಿಯ ಮೇಲೆ ಬಂದಿದೆ. ಹೋದ ಮೊಹರಂನಲ್ಲಿ ನೀನು ಗುದ್ದಲಿ ಹಿಡಿದು ನಿಂತಾಗ ತೆಗೆದ ಫೋಟೋ ಇಟ್ಟುಕೊಂಡು ಮತ್ತೊಮ್ಮೆ ನೋಡಿದೆ. ಅದೇ ಜಾಗ.

ಒಂದು ಕೆಂಪು ಗುರುತು ಹಾಕಿದ್ದರೆ ಮುಗಿಯುತ್ತಿತ್ತು. ಬೆರಳು ಏಳಲಿಲ್ಲ. ಸಣ್ಣವಳಿದ್ದಾಗ ಆ ಬಯಲಿನಲ್ಲಿ ಕಡ್ಡಿಯಿಂದ ದುಂಡಗೆ ಗೆರೆ ಕೊರೆದು ಕುಣಿಯ ಆಟ ಆಡಿದ್ದಕ್ಕೆ ಅವ್ವ ಬೆನ್ನಿಗೆ ಗುದ್ದಿದ್ದಳು. ಮೊಹರಂ ಚಂದ್ರ ಕಾಣುವ ತನಕ ಅದಕ್ಕೆ ಗೆರೆ ಹಾಕಬಾರದು, ಚಂದ್ರ ಕಂಡ ಮೇಲೆ ಮೊದಲ ಗುದ್ದಲಿ ನಮ್ಮ ಮನೆಯದು ಎಂದು ಕೇಳುತ್ತಲೇ ಬೆಳೆದವಳು ನಾನು. ಅದಕ್ಕೇ ಭಾನುವಾರ ಊರಿಗೆ ಓಡಿದೆ.

ಅಲಾಯಿ ದೇವರ ಪೂಜೆ ನೋಡಿಕೊಳ್ಳುವ ಮುಜಾವರ ಮೀರಾಹುಸೇನ ತಾತ ಗುಡಿಯ ಕಟ್ಟೆಯ ಮೇಲೆ ಕೂತಿದ್ದ. ಫೋನಿನಲ್ಲಿ ನಕ್ಷೆ ತೋರಿಸಿದೆ. ಗುಡಿ ಎಲ್ಲಿ, ಗಿಡ ಎಲ್ಲಿ, ಎಲ್ಲ ಸರಿಯಾಗಿ ಗುರುತಿಸಿದ. ಕುಣಿಗೆ ಒಂದು ಗುರುತು ಹಾಕುತ್ತೇನೆ ಎಂದೆ ನೋಡು, ಕೈ ಹಿಂದಕ್ಕೆ ತೆಗೆದುಕೊಂಡ. "ಚಂದ್ರ ಕಾಣೂತನಾ ಅಲ್ಲಿ ಕುಣಿ ಇಲ್ಲವ್ವಾ, ಬರೇ ನೆಲ ಅದ. ಇಲ್ಲದ್ದನ್ನ ಹೆಂಗ ಬರೀತಿ?" ಎಂದ. ತಾತಾ, ನೆಲ ಎಂದು ಬಿಟ್ಟರೆ ಜೆಸಿಬಿ ಬಂದು ಅಗೆಯುತ್ತದೆ, ಆಮೇಲೆ ಚಂದ್ರ ಕಂಡರೂ ಕುಣಿ ಇರುವುದಿಲ್ಲ ಎಂದು ಸಿಟ್ಟಿನಲ್ಲೇ ಹೇಳಿದೆ. ಆಗ ತಾತ, "ಹಂಗಾದ್ರ ನಿಮ್ಮಪ್ಪ ಕನಕಪ್ಪ ಹಾಕ್ಲಿ. ಇಲ್ಲಂದ್ರ ರೇವಣಸಿದ್ದ ಹಾಕ್ಲಿ. ನೀ ಹೆಣ್ಣುಮಗಳು, ನೀ ಹೆಂಗ ಹಾಕ್ತಿ?" ಎಂದ. ದೊಡ್ಡಪ್ಪನ ಮಗ ರೇವಣಸಿದ್ದಣ್ಣ ಅಲ್ಲೇ ಇದ್ದ. "ಕಾಕಾ ಇರಬೇಕಾದ್ರ ನಾ ಮುಟ್ಟಂಗಿಲ್ಲಪಾ" ಎಂದು ಎದ್ದು ಹೋದ. ಅವನು ಒಳ್ಳೆಯವನೇ, ಅಂಜುಬುರುಕ ಅಷ್ಟೇ.

ಹಾಗಾದರೆ ಟಾಕಿಯೇ ಬೇಡ ಎಂದು ಯಾರೋ ಒಬ್ಬರು ಅಂದರು. ಖಾಸಿಂ ಬೀ ಚಾಚಿ ಖಾಲಿ ಕೊಡ ಎತ್ತಿಕೊಂಡೇ ಬಂದಳು: "ಟಾಕಿ ಬ್ಯಾಡ ಅಂದವರ ನೆತ್ತಿ ಮ್ಯಾಲ ಇದನ್ನ ಒಡೀತೀನಿ ನೋಡ್ರಿ! ನೀರು ಹೊತ್ತು ನನ್ನ ಸೊಂಟ ಬಿದ್ದದ, ನಿಮ್ಮದಲ್ಲ." ಅವಳ ಮಾತೂ ಖರೆ. ಗದ್ದಲ ಮಾಡಿದರೆ ತಕರಾರಿನ ಜಾಗ ಎಂದು ಬರೆದು ಟಾಕಿಯನ್ನು ಬೇರೆ ಊರಿಗೆ ಕೊಡುತ್ತಾರೆ. ಸುಮ್ಮನಿದ್ದರೆ ಕುಣಿ ಹೋಗುತ್ತದೆ. ಟಾಕಿಯನ್ನು ಬಯಲಿನ ಅಂಚಿನಲ್ಲಿರುವ ದನದ ದವಾಖಾನೆಯ ಗೋಡೆಯ ಕಡೆಗೆ ಸ್ವಲ್ಪ ಸರಿಸಿದರೆ ಎರಡೂ ಉಳಿಯುತ್ತವೆ. ಫರ್ಹೀನ್ ಮೇಡಂ ಅವರನ್ನು ಹಾಗೆ ಸುಮ್ಮನೆ ಎಂಬಂತೆ ಕೇಳಿದೆ. ಬೀಗ ಬೀಳುವ ಮೊದಲು ಎಷ್ಟು ಬೇಕಾದರೂ ಸರಿಸಬಹುದಂತೆ, ಆದರೆ ಯಾಕೆ ಸರಿಸಬೇಕು ಎಂಬುದನ್ನು ಊರಿನವರೊಬ್ಬರು ನಕ್ಷೆಯಲ್ಲೇ ಗುರುತು ಹಾಕಿ ಬರೆಯಬೇಕಂತೆ. ಮುಂದಿನ ವಾರದ ಕೊನೆಗೆ ಬೀಗ.

ಅದಕ್ಕೆ ಈ ಕಾಗದ, ಯಪ್ಪಾ. ಗುರುತು ಹಾಕುವ ಹಕ್ಕಿನವರಲ್ಲಿ ನಿನ್ನ ಹೆಸರನ್ನೂ ಸೇರಿಸಿದ್ದೇನೆ. ಪೀರಾ ಸಾಬರ ಫೋನಿಗೆ ನಕ್ಷೆ ಕಳಿಸಿದ್ದೇನೆ, ಅವರು ತೆರೆದು ಕೊಡುತ್ತಾರೆ. ಬೇವಿನ ಗಿಡ ಹಸಿರಾಗಿ ಕಾಣುತ್ತದೆ, ಗುಡಿಯ ಮೆಟ್ಟಿಲು ಕಪ್ಪಗೆ ಕಾಣುತ್ತದೆ. ಪ್ರತಿವರ್ಷ ನಿಲ್ಲುವ ಜಾಗ ನೆನೆಸಿಕೊಂಡು ಅಲ್ಲಿ ಬೆರಳಿಡು. ಬರೆಯುವುದನ್ನು ಪೀರಾ ಸಾಬ್ ಬರೆಯುತ್ತಾರೆ. ಒಂದು ಮಾತು ಹೇಳದೇ ಇರಲಾರೆ. ತಾತ "ನೀ ಹೆಣ್ಣುಮಗಳು" ಅಂದದ್ದು ನನಗೆ ಬಹಳ ನೋವಾಯಿತು. ಆ ಕುಣಿ ಎಲ್ಲಿದೆ ಎಂದು ಕಂಡವಳು ನಾನು, ಅದಕ್ಕಾಗಿ ನಿದ್ದೆಗೆಟ್ಟವಳು ನಾನು. ಆದರೂ ಹಕ್ಕು ನಿನ್ನದು, ನೀನೇ ಹಾಕು.

ಮೈ ಹುಷಾರು. ಕುರಿಗಳ ಹಿಂದೆ ಓಡುವಾಗ ನಿನಗೂ ವಯಸ್ಸಾಗಿದೆ ಎಂಬುದನ್ನು ಮರೆಯಬೇಡ. ನಿನ್ನ ಜೊತೆಗಿರುವ ಎಲ್ಲರಿಗೂ ನನ್ನ ನಮಸ್ಕಾರ ಹೇಳು, ನಿನ್ನ ಪಾದಕ್ಕೆ ನನ್ನ ಹಣೆ.

ನಿನ್ನ ಮಗಳು,
ಮಲ್ಲೇಶ್ವರಿ

ತಾ.ಕ.: ಯಪ್ಪಾ, ಲಕೋಟೆ ಅಂಟಿಸುವಷ್ಟರಲ್ಲಿ ಫರ್ಹೀನ್ ಮೇಡಂ ಫೋನ್ ಬಂತು. ಅವರ ದೊಡ್ಡ ಸಾಹೇಬರಿಗೆ ವರ್ಗ ಆಗಿದೆ, ರಜೆಯಿದ್ದರೂ ಇವತ್ತೇ ಸಂಜೆ ಎಲ್ಲ ನಕ್ಷೆಗಳಿಗೂ ಬೀಗ ಹಾಕಿ ಹೋಗುತ್ತಾರಂತೆ. ನಿನ್ನ ಫೋನ್ ಸ್ವಿಚ್ ಆಫ್, ನಿನ್ನ ಜೊತೆಯವರ ನಂಬರ್ ಕೇಳೋಣವೆಂದರೆ ಪೀರಾ ಸಾಬರದೂ ಹತ್ತಲಿಲ್ಲ. ರೇವಣಸಿದ್ದಣ್ಣನಿಗೆ ಹಚ್ಚಿದೆ, ಎತ್ತಲಿಲ್ಲ. ನಾನೇ ಹಾಕಿಬಿಟ್ಟೆ. ಗುದ್ದಲಿ ಹಾಕುವಾಗ ನೀನು ಮಾಡುವ ಹಾಗೇ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು ಬೆರಳಿಟ್ಟೆ. "ಇದು ನಮ್ಮೂರ ಅಲಾಯಿ ಕುಣಿಯ ಜಾಗ, ಟಾಕಿಯನ್ನು ಗೋಡೆಯ ಕಡೆಗೆ ಸರಿಸಿರಿ" ಎಂದು ಬರೆದೆ. ಸರಿಸಿದರು, ಯಪ್ಪಾ! ಕುಣಿಯ ಸುತ್ತ ದುಂಡಗೆ ಗೆರೆ ಹಾಕಿ, ಇಲ್ಲಿ ಯಾರೂ ಅಗೆಯಬಾರದು ಎಂದು ಬರೆದು ಬೀಗ ಹಾಕಿದರು. ತಾತನಿಗೆ ಫೋನ್ ಮಾಡಿ ಹೇಳಿದೆ, ಅಳುತ್ತಲೇ ಹೇಳಿದೆ. ತಾತ ಎಲ್ಲ ಕೇಳಿಸಿಕೊಂಡ. ಆಮೇಲೆ, "ಚಪ್ಪಲಿ ಬಿಟ್ಟಿದ್ದೇನವ್ವಾ?" ಎಂದ. ಬಿಟ್ಟಿದ್ದೆ ತಾತಾ ಎಂದೆ. "ಹಂಗಾದ್ರ ಆತು ಬಿಡು. ಕನಕಪ್ಪನ ಮನಿ ಕೈಯೇ ಬಿದ್ದದ" ಎಂದ. ನೀನು ಬೈಯುವುದಿದ್ದರೆ ಪೀರಾ ಸಾಬರ ಕೈಯಲ್ಲೇ ಬೈದು ಕಳಿಸು. ಆದರೆ ಮೊಹರಂ ಚಂದ್ರ ಕಾಣುವ ಹೊತ್ತಿಗೆ ಊರಲ್ಲಿರು. ಗುದ್ದಲಿ ನೀನೇ ಹಾಕು. ಈ ಸಲ ನಾನು ಹೆಂಗಸರ ಸಾಲಿನಲ್ಲಿ ನಿಲ್ಲುವುದಿಲ್ಲ, ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ.